ಕನ್ನಡಿಯೊಳಗಿನ ಎಡಚಿ

ಕತ್ತರಿಯಕ್ಕನ ಮುತ್ತಜ್ಜ ದಂಡಿನ ಜೊತೆ ನಡೆದ ಕ್ಷೌರಿಕ. ಬೆಳಗಾದರೆ ಕಾಳಗಕ್ಕೆ ಹೊರಡಬೇಕಾದ ನೂರಾರು ಗಲ್ಲಗಳನ್ನು ಒಂದೇ ಕತ್ತಿಯಲ್ಲಿ ನುಣುಪು ಮಾಡಿ, ಒಬ್ಬನ ಮುಖದಲ್ಲೂ ಹನಿ ರಕ್ತ ಒಸರದಂತೆ ನೋಡಿಕೊಂಡವನು. 'ಅದು ನಾಳೆ ಹೇಗೂ ಬರುತ್ತೆ, ಇವತ್ತು ನನ್ನ ಕೈಯಿಂದ ಬೇಡ' ಎನ್ನುತ್ತಿದ್ದನಂತೆ. ಅವನ ಮಗ, ಅಂದರೆ ಅಕ್ಕನ ಅಜ್ಜ, ಸೆರೆಮನೆಯಲ್ಲಿ ಕೆಲಸಕ್ಕಿದ್ದ. ಕೈದಿಗಳು ಬಾಯಿ ಬಿಡಬಾರದೆಂಬ ಕಟ್ಟಳೆಯಿದ್ದ ಜಾಗ ಅದು. ಒಂದನೇ ಕೋಣೆಯವನು ಗಂಟಲಲ್ಲೇ ಗುನುಗಿದ ಹಾಡನ್ನು ಹನ್ನೆರಡನೇ ಕೋಣೆಯವನ ಕಿವಿಗೆ ದಾಟಿಸಿ, ವರ್ಷ ತುಂಬುವುದರೊಳಗೆ ಇಡೀ ಸೆರೆಮನೆಗೆ ಒಂದೇ ಹಾಡು ಕಲಿಸಿಬಿಟ್ಟ. ಕಲಿಸಿದವರು ಯಾರೆಂದು ಜೈಲರನಿಗೆ ಕಡೆಗೂ ಪತ್ತೆ ಹತ್ತಲಿಲ್ಲ. ಆ ಜೈಲರನ ಗಡ್ಡವನ್ನೂ ಇವನೇ ತೆಗೆಯುತ್ತಿದ್ದ.

ಇನ್ನು ಅಪ್ಪ. ದೊಡ್ಡ ಹೋಟೆಲೊಂದನ್ನು ಕೆಡವುತ್ತಿದ್ದಾಗ ಅದರ ಮೆಟ್ಟಿಲ ಬಳಿಯಿದ್ದ ಆಳೆತ್ತರದ ಕನ್ನಡಿಯನ್ನು ಕೇಳಿ ಪಡೆದು, ಕೈಗಾಡಿಯ ಮೇಲೆ ನಿಲ್ಲಿಸಿ ಕಟ್ಟಿ, ತಾನು ಹಿಂದಿನಿಂದ ತಳ್ಳುತ್ತ ಬಂದ. ಎದುರಿನ ದಾರಿ ಕಾಣದು. ಕನ್ನಡಿಯಲ್ಲಿ ಕಾಣುವುದೆಲ್ಲ ಹಿಂದೆ ಬಿಟ್ಟ ಮರ, ಹಿಂದೆ ಬಿಟ್ಟ ಮನೆ, ಹಿಂದೆ ಬಿಟ್ಟ ಮೋಡ. ಅರ್ಧ ದಿನ ಹೀಗೆ ಕಳೆದದ್ದನ್ನೇ ನೋಡುತ್ತ ಮುಂದಕ್ಕೆ ನಡೆದು ಅಂಗಡಿ ಸೇರಿದ. ಎಲ್ಲಿಯೂ ಎಡವಲಿಲ್ಲ.

ಮೂರು ತಲೆಮಾರಿನ ಗಂಡಸರ ಕತ್ತಿ ನಾಲ್ಕನೆಯದಾಗಿ ಹೆಣ್ಣಿನ ಕೈಗೆ ಬಂದಾಗ ಬೀದಿಯವರು ಮೂಗು ಮುರಿದರು. ಒಂದು ಸಲ ಅವಳ ಕುರ್ಚಿಯಲ್ಲಿ ಕೂತು ಎದ್ದವರು ಮುರಿದ ಮೂಗನ್ನು ತಾವೇ ನೆಟ್ಟಗೆ ಮಾಡಿಕೊಂಡರು. ಅಷ್ಟು ಹಗುರ ಕೈ. ಕತ್ತರಿಯಕ್ಕ ಎಂದು ಯಾರು ಮೊದಲು ಕರೆದರೋ, ಈಗ ಅವಳ ಹೆಸರು ಅವಳಿಗೇ ನೆನಪಿಲ್ಲ ಎಂದು ಮಗಳು ಚೇಷ್ಟೆ ಮಾಡುತ್ತಾಳೆ.

ಅಂಗಡಿ ಒಂದು ಕೋಣೆ, ಅದರಲ್ಲಿ ಒಂದು ಕುರ್ಚಿ. ಎದುರು ಗೋಡೆಯನ್ನು ಪೂರ್ತಿ ಅಪ್ಪನ ಕನ್ನಡಿಯೇ ನುಂಗಿಕೊಂಡಿದೆ. ಪ್ಲಗ್ಗು ಇರುವುದು ಹಿಂದಿನ ಗೋಡೆಯಲ್ಲಿ ಮಾತ್ರ, ಆದ್ದರಿಂದ ಟಿವಿಯೂ ಅಲ್ಲೇ ಮೇಲೆ. ಟಿವಿಯ ಕೆಳಗೇ ಕಾಯುವವರ ಬೆಂಚು. ಹೀಗಾಗಿ ಕುರ್ಚಿಯಲ್ಲಿ ಕೂತವರಿರಲಿ, ಬೆಂಚಿನಲ್ಲಿ ಕೂತವರಿರಲಿ, ಟಿವಿ ನೋಡಬೇಕೆಂದರೆ ಕನ್ನಡಿಯಲ್ಲೇ ನೋಡಬೇಕು. ಅಕ್ಕನಂತೂ ಅದನ್ನೂ ನೋಡುವ ಹಾಗಿಲ್ಲ. ಇನ್ನೊಬ್ಬರ ಗಂಟಲ ಮೇಲೆ ಕತ್ತಿಯಿಟ್ಟವರು ಕಣ್ಣನ್ನು ಬೇರೆ ಕಡೆ ಕಳಿಸಬಾರದು.

ಅನಿಮೆ ಅವಳ ತಲೆಗೆ ಹತ್ತಿಸಿದವಳು ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ ಮುಗಿಸಿ ಬಂದು ಸಂಜೆಯೆಲ್ಲ ಮನೆಯಲ್ಲಿ ಅದರ ಮುಂದೆಯೇ ಕೂರುತ್ತಿದ್ದಳು.

"ಇಷ್ಟು ದೊಡ್ಡವಳಾಗಿ ಗೊಂಬೆ ಚಿತ್ರ ನೋಡ್ತೀಯಲ್ಲೇ," ಎಂದಿದ್ದಳು ಅಕ್ಕ.

"ಗೊಂಬೆ ಚಿತ್ರ ಅಲ್ಲಮ್ಮಾ, ಅನಿಮೆ. ಜಪಾನಿನವ್ರು ಬರೆದು ಆಡಿಸೋದು. ಹತ್ತು ನಿಮಿಷ ಕೂತು ನೋಡು, ಆಮೇಲೆ ಬೈ."

ಹತ್ತು ನಿಮಿಷ ಕೂತವಳು ಬೈಯುವುದನ್ನು ಮರೆತಳು. ಮೊದಲೆರಡು ವರ್ಷ ಮಗಳು ಕೆಳಗಿನ ಸಬ್‌ಟೈಟಲ್ ಓದಿ ಹೇಳಿದಳು. ಆಮೇಲೆ ಓದುವ ಅಗತ್ಯ ಬೀಳಲಿಲ್ಲ. ಕಿವಿಯೊಂದನ್ನೇ ಬಂಡವಾಳ ಮಾಡಿಕೊಂಡು ಅಕ್ಕ ಆ ಭಾಷೆಯನ್ನು ಅಷ್ಟಿಷ್ಟು ಒಲಿಸಿಕೊಂಡಿದ್ದಳು. ಬರೆಯಲು ಬಾರದು, ನಾಲಗೆಯೂ ತಿರುಗದು. ಆದರೆ ಅತ್ತಾಗ ಯಾಕೆ ಅತ್ತರು, ನಕ್ಕಾಗ ಯಾರನ್ನು ನೋಡಿ ನಕ್ಕರು ಎಂಬುದು ಬೆನ್ನು ತಿರುಗಿಸಿದ್ದರೂ ತಿಳಿಯುತ್ತಿತ್ತು.

ಅಂಗಡಿಗೆ ಟಿವಿ ಬಂದ ಮೇಲೆ ಅವಳು ಹೊಸಬರನ್ನು ಅನಿಮೆಗೆ ಎಳೆದ ಬಗೆಯೇ ಬೇರೆ. ಮುಖಕ್ಕೆ ನೊರೆ ಹಚ್ಚಿ ಟಿವಿ ಹಾಕುವಳು. ನೊರೆ ಹಚ್ಚಿಸಿಕೊಂಡವನು ಬೇಡವೆಂದು ಬಾಯಿ ಬಿಡಲಾರ, ಎದ್ದು ಬೀದಿಗೆ ಹೋಗಲಾರ. ಮೊದಲ ಕಂತಿನಿಂದ ಶುರು ಮಾಡುವ ಪದ್ಧತಿಯೂ ಇಲ್ಲ. ಕಥೆ ಎಲ್ಲಿ ನಡೆಯುತ್ತಿದೆಯೋ ಅಲ್ಲಿಯೇ, ಓಡುವ ಬಸ್ಸಿಗೆ ಹತ್ತಿದ ಹಾಗೆ ಹತ್ತಿಕೊಳ್ಳಬೇಕು. ಗಡ್ಡ ಮುಗಿಯುವುದರೊಳಗೆ ಕಂತೂ ಮುಗಿಯುತ್ತಿತ್ತು. ಎದ್ದವರು ಬಾಗಿಲವರೆಗೆ ಹೋಗಿ ತಿರುಗಿ, "ಆಮೇಲೆ ಆ ಹುಡುಗಿ ಏನಾದ್ಲಕ್ಕಾ?" ಎಂದು ಕೇಳಿದರೆ ಬಿದ್ದರೆಂದೇ ಲೆಕ್ಕ. "ಗಡ್ಡ ಬೆಳೆಸ್ಕೊಂಡು ಬಾ, ಹೇಳ್ತೀನಿ," ಎನ್ನುವಳು.

ಹಾಗೆ ಬಿದ್ದವರಲ್ಲಿ ಮೊದಲಿಗರು ಗಾರ್ಡ್ ಮಾಮ. ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ಮೂವತ್ತನಾಲ್ಕು ವರ್ಷ ಬಾವುಟ ಹಿಡಿದು ನಿಂತು ನಿವೃತ್ತರಾದವರು. ನೀಳ ಆಳು, ಕುರ್ಚಿಯಲ್ಲಿ ಕೂತರೂ ಅಕ್ಕನ ಭುಜಕ್ಕೆ ಬರುವರು. ಬುಧವಾರ ಅವರ ದಿನ. ಬುಧವಾರ ದೀಪಸ್ತಂಭದ ಕಥೆಯ ದಿನವೂ ಹೌದು. ಸಮುದ್ರದೊಳಗೆ ಒಂದು ದೀಪಸ್ತಂಭ ಉದ್ದುದ್ದ ಕಾಲಿನಿಂದ ನಡೆದು ಹೋಗುತ್ತಿರುತ್ತದೆ. ಅದರೊಳಗೆ ಒಬ್ಬಳು ಹುಡುಗಿ. ಸಂಜೆಯಾದರೆ ದೀಪ ಹಚ್ಚುತ್ತಾಳೆ, ಬೆಳಗಾದರೆ ಆರಿಸುತ್ತಾಳೆ. ತನಗೆ ಸೇರಿದ ದಡ ಎಲ್ಲೋ ಇದೆ ಎಂದು ಹುಡುಕುತ್ತಾಳೆ. ಹಡಗುಗಳು ಅವಳ ಬೆಳಕು ನಂಬಿ ಬಂದು, ಮರುದಿನ ನೋಡಿದರೆ ದೀಪಸ್ತಂಭವೇ ಇಲ್ಲದೆ ಕಂಗಾಲಾಗುತ್ತವೆ. ವಾರಕ್ಕೊಂದು ಕಂತಿನಂತೆ ಏಳು ವರ್ಷ ಇದು ನಡೆದುಕೊಂಡು ಬಂದಿತ್ತು.

ಇಬ್ಬರೂ ಸೇರಿ ನೋಡುವ ರೀತಿ ತಾನಾಗಿ ಹುಟ್ಟಿದ್ದು. ಕನ್ನಡಿಯಲ್ಲಿ ಸಬ್‌ಟೈಟಲ್ ತಿರುಗುಮುರುಗು. ಮಾಮನಿಗೆ ಚಿತ್ರ ಕಾಣುತ್ತದೆ, ಮಾತು ತಿಳಿಯದು. ಅಕ್ಕನಿಗೆ ಮಾತು ತಿಳಿಯುತ್ತದೆ, ಚಿತ್ರ ನೋಡಲಾಗದು.

"ಮಂಜು ಬಂತಮ್ಮಾ," ಎನ್ನುವರು ಮಾಮ, ತುಟಿ ಹೆಚ್ಚು ಅಲುಗಿಸದೆ. "ಹುಡುಗಿ ಮೆಟ್ಟಿಲ ಮೇಲೆ ಕೂತಳು. ಕೈಯಲ್ಲಿ ಏನೋ ಇದೆ. ಹಕ್ಕಿ. ಸಣ್ಣದು."

"ಹಕ್ಕಿಗೆ ಹೇಳ್ತಿದಾಳೆ ಮಾಮ, ನೀನು ಹೋಗು, ನಿಂಗಾದ್ರೂ ದಡ ಗೊತ್ತು ಅಂತ."

"ಹಕ್ಕಿ ಹೋಗ್ತಿಲ್ಲ."

"ಗಲ್ಲ ಅಲ್ಲಾಡಿಸ್ಬೇಡಿ."

ಕತ್ತಿ ಚರ್ಮದ ಮೇಲೆ ಸರಸರ ಸರಿಯುವ ಸದ್ದು, ಟಿವಿಯೊಳಗಿನ ಅಲೆಯ ಸದ್ದು ಎರಡೂ ಒಂದರೊಳಗೊಂದು ಕರಗಿ, ಅಂಗಡಿಯೇ ಯಾವುದೋ ನೀರಿನ ಮೇಲೆ ಮೆಲ್ಲಗೆ ಹೆಜ್ಜೆಯಿಟ್ಟು ಹೊರಟ ಹಾಗೆ ಆಗುತ್ತಿತ್ತು. ಬೆಂಚಿನಲ್ಲಿ ಕೂತವರು ನಿದ್ದೆಯೋ ಎಚ್ಚರವೋ ತಿಳಿಯದೆ ಕೂತಿರುವರು. ಕೊನೆಗೆ ಉಜ್ಜುವ ಪಟಿಕದ ಕಲ್ಲು ಗಲ್ಲಕ್ಕೆ ತಣ್ಣಗೆ ತಗುಲಿದಾಗಲೇ ಎಲ್ಲರೂ ದಡ ಸೇರುತ್ತಿದ್ದದ್ದು.

ಹುಡುಗಿ ಎಡಗೈಯಲ್ಲಿ ದೀಪ ಹಚ್ಚುತ್ತಾಳೆಂದು ಮಾಮ ಕಂಡುಹಿಡಿದದ್ದು ಮೂರನೇ ವರ್ಷದಲ್ಲಿ. ಆ ದಿನ ಅವರ ದನಿಯೇ ಬದಲಾಗಿತ್ತು. "ಎಡಚಿ ಕಣಮ್ಮಾ! ನನ್ನ ಹಾಗೇ!" ಮಾಮನೂ ಹುಟ್ಟು ಎಡಚ. ಅಕ್ಷರ ಕಲಿಯುವಾಗ ಅವರಪ್ಪ ಎಡಗೈಯನ್ನು ಟವೆಲ್ಲಿನಲ್ಲಿ ಸೊಂಟಕ್ಕೆ ಬಿಗಿದು ಕೂರಿಸುತ್ತಿದ್ದರು. ಕೆಲಸಕ್ಕೆ ಸೇರಿದ ಮೇಲೂ ಮೇಲಧಿಕಾರಿ ಎದುರಿಗಿದ್ದರೆ ಬಲಗೈಯಲ್ಲಿ ಬಾವುಟ, ಯಾರೂ ಇಲ್ಲದ ಸಣ್ಣ ಸ್ಟೇಷನ್ನಿನಲ್ಲಿ ಮಾತ್ರ ಎಡಗೈಯಲ್ಲಿ. ಅರವತ್ತು ದಾಟಿದ ಮೇಲೆ, ಅಷ್ಟು ದೊಡ್ಡ ಸಮುದ್ರದ ನಡುವೆ, ಯಾರ ಹಂಗೂ ಇಲ್ಲದೆ ಎಡಗೈಯಲ್ಲಿ ದೀಪ ಹಚ್ಚುವವಳೊಬ್ಬಳು ಅವರಿಗೆ ಸಿಕ್ಕಿದ್ದಳು. ಅಂದಿನಿಂದ ಮಾಮ ಅಂಗಡಿಯಲ್ಲಿ ಚಹಾದ ಲೋಟವನ್ನೂ ಎಡಗೈಯಲ್ಲೇ ಹಿಡಿದರು.

ಕೆಲಸ ಕೆಟ್ಟದ್ದು ಗ್ರಂಥಾಲಯದ ಮಾಳಿಗೆಯಲ್ಲಿ. ಮಗಳ ಗೆಳೆಯರ ಅನಿಮೆ ಬಳಗದವರು ಅಲ್ಲಿ ಒಂದು ಭಾನುವಾರ ಮಧ್ಯಾಹ್ನ ಹೊಸಬರಿಗೆಂದು ಸಭೆ ಸೇರಿಸಿದ್ದರು. ಬಳಗದ ಮುಂದಾಳು ಅಂಚೆ ಕಚೇರಿಯ ಗುಮಾಸ್ತ. ಎಲ್ಲರೂ ಅವನನ್ನು ಲಿಸ್ಟು ಎಂದೇ ಕರೆಯುವುದು. ಮೊದಲು ನೋಡಬೇಕಾದ ಹತ್ತು, ಆಮೇಲಿನ ಇಪ್ಪತ್ತು, ಯಾವ ಕಂತು ಬಿಡಬಹುದು, ಯಾವುದು ಬಿಟ್ಟರೆ ಪಾಪ, ಎಲ್ಲಕ್ಕೂ ಅವನ ಬಳಿ ಪಟ್ಟಿಯುಂಟು. ಬಳಗಕ್ಕೆ ಬಂದ ಹೊಸಬರಲ್ಲಿ ಮೂವತ್ತೆಂಟು ಜನ ಕತ್ತರಿಯಕ್ಕನ ಕುರ್ಚಿಯಿಂದ ಎದ್ದು ಬಂದವರೆಂದು ಎಣಿಸಿ, ಅವನೇ ಅಕ್ಕನನ್ನು ಕರೆದಿದ್ದ. ಅಕ್ಕ ಮಾಮನನ್ನು ಕರೆದುಕೊಂಡು ಹೋದಳು. ಮಾಮ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು.

ಸಭೆಯಲ್ಲಿ ಕಿವಿ ತೂತು ಬೀಳುವಷ್ಟು ಗದ್ದಲ.

"ಡಬ್ಬಿಂಗ್ ನೋಡೋರು ಅನಿಮೆ ನೋಡಿದ ಹಾಗೇ ಅಲ್ಲ," ಎಂದಳು ಒಬ್ಬಳು.

"ಹಾಗಾದ್ರೆ ನಮ್ಮಜ್ಜಿ ಏನು ನೋಡೋದು, ಗೋಡೇನಾ? ಅವರಿಗೆ ಅಕ್ಷರ ಕಾಣ್ಸಲ್ಲ," ಎಂದ ಅವಳ ಪಕ್ಕದವನು.

"ನಾನಂತೂ ಒಂದೂವರೆ ಪಟ್ಟು ವೇಗದಲ್ಲಿ ಇಟ್ಕೊಂಡು ನೋಡ್ತೀನಪ್ಪ. ಒಂದೇ ರಜದಲ್ಲಿ ನಾಲ್ಕು ಸೀಸನ್ ಖಾಲಿ."

"ಊಟಾನೂ ಹಾಗೇ ನುಂಗ್ತೀಯಾ?"

"ಶುರುವಿನ ಹಾಡು ದಾಟಿಸ್ತೀಯೋ ಇಲ್ವೋ ಹೇಳು, ಆಮೇಲೆ ನಿನ್ನ ಜೊತೆ ಮಾತು."

ಅಕ್ಕನನ್ನು ಕೇಳಿದಾಗ ಅವಳು, "ನಂಗೆ ಹಾಡು ಬೇಕಪ್ಪ. ನೊರೆ ಕಲೆಸೋದಕ್ಕೆ ಅಷ್ಟು ಹೊತ್ತು ಹಿಡಿಯುತ್ತೆ," ಎಂದಳು. ಎಲ್ಲರೂ ನಕ್ಕರು. ಒಳ್ಳೆಯ ನಗು ಅದು.

ಆಮೇಲೆ ಲಿಸ್ಟು ದೀಪಸ್ತಂಭದ ಕಥೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿದ. ಮೂಲ ಕಥೆ ಮುಂದಕ್ಕೆ ಸಾಗದೆ ಸುಮ್ಮನೆ ಹೊತ್ತು ತುಂಬಿಸುವ ತೊಂಬತ್ತಾರು ಕಂತುಗಳಿಗೆ ಕೆಂಪು ಗೀಟು. ಹೊಸಬರು ಇವನ್ನು ಬಿಟ್ಟರೆ ಬೇಗ ತುದಿ ಮುಟ್ಟಬಹುದು ಎಂದ. ಮಾಮ ಕನ್ನಡಕ ಏರಿಸಿ ಪಟ್ಟಿ ಓದಿದರು. ಎದ್ದು ನಿಂತರು.

"ನೂರಾ ಎಂಟಕ್ಕೂ ಗೀಟು ಹಾಕಿದೀಯಲ್ಲಪ್ಪಾ?"

"ಅದ್ರಲ್ಲಿ ಏನೂ ಆಗಲ್ಲ ತಾತ. ಅವಳು ಗಾಜು ಒರೆಸಿ ದೀಪ ಹಚ್ತಾಳೆ, ಅಷ್ಟೇ."

"ಏನೂ ಆಗಲ್ವಾ! ಅದ್ರಲ್ಲೇ ಅಲ್ವೇನಯ್ಯಾ ಅವಳು ಎಡಚಿ ಅಂತ ಗೊತ್ತಾಗೋದು!"

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಹಿಂದಿನಿಂದ ಯಾರೋ ಆ ಕಂತನ್ನೇ ದೊಡ್ಡ ಪರದೆಗೆ ಹಾಕಿದರು. ಹುಡುಗಿ ಗಾಜಿನ ಮುಂದೆ ನಿಂತಿದ್ದಳು. ಅವಳ ಬಲಗೈ ಮೆಲ್ಲಗೆ ಮೇಲೆ ಹೋಯಿತು, ಕೆಳಗೆ ಬಂತು.

"ತಾತ ಕನ್ನಡೀಲಿ ನೋಡಿದಾರೆ! ಏಳು ವರ್ಷ ಕನ್ನಡೀಲಿ!" ಎಂದು ಕೂಗಿದ ಅಕ್ಕನ ಕುರ್ಚಿಯಿಂದಲೇ ಬಂದವನೊಬ್ಬ.

ಮಾಳಿಗೆಗೆ ಮಾಳಿಗೆಯೇ ನಕ್ಕಿತು. ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ, ಆದರೂ ಆ ನಗು ಒಳ್ಳೆಯದಾಗಿರಲಿಲ್ಲ. ಕನ್ನಡಿಯಲ್ಲಿ ಅಕ್ಷರ ತಿರುಗುತ್ತದೆಂದು ಮಾಮನಿಗೆ ಗೊತ್ತೇ ಇತ್ತು. ಕೈಯೂ ತಿರುಗುತ್ತದೆಂದು ಒಂದು ಬುಧವಾರವೂ ಹೊಳೆದಿರಲಿಲ್ಲ. ಅವರು ತಮ್ಮ ಎಡಗೈಯನ್ನು ಒಮ್ಮೆ ನೋಡಿಕೊಂಡು ಜೇಬಿಗಿಳಿಸಿದರು. ಅಕ್ಕ ಜನರ ನಡುವಿನಿಂದ ದಾರಿ ಬಿಡಿಸಿಕೊಂಡು ಬರುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿದ್ದರು.

ಮುಂದಿನ ಬುಧವಾರ ಮಾಮ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ದೀಪಸ್ತಂಭದ ಕಡೆಯ ಹನ್ನೆರಡು ಕಂತು ಆಗಷ್ಟೇ ಬಂದಿದ್ದವು. ಹುಡುಗಿಗೆ ದಡ ಸಿಗುತ್ತದೋ ಇಲ್ಲವೋ ಅವುಗಳಲ್ಲೇ ತೀರ್ಮಾನ. ಅಕ್ಕ ಹಾಕಲಿಲ್ಲ. ಬೆಂಚಿನವರು ಕೇಳಿದರೆ, "ಕಣ್ಣು ಬಂದಿಲ್ಲ," ಎನ್ನುವಳು. ಅವರಿಗೆ ಏನೂ ತಿಳಿಯದು.

ಮೂರನೇ ಬುಧವಾರ ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಹಳೆಯ ಕಂತೊಂದನ್ನು ಹಾಕಿ, ಕುರ್ಚಿಯನ್ನು ಟಿವಿಯ ಕಡೆ ತಿರುಗಿಸಿ ತಾನೇ ಕೂತಳು. ಏಳು ವರ್ಷದಲ್ಲಿ ಮೊದಲ ಸಲ ಆ ಸಮುದ್ರವನ್ನು ಇಡಿಯಾಗಿ ಕಂಡಳು. ಎಷ್ಟು ನೀಲಿ! ನೀರಿನೊಳಗೆ ದೀಪಸ್ತಂಭದ ಕಾಲುಗಳು, ಅವಕ್ಕೆ ಸುತ್ತಿಕೊಂಡ ಪಾಚಿ, ಪಾಚಿಯೊಳಗೆ ಮಿಣುಕುವ ಮೀನು. ನೋಡುತ್ತ ನೋಡುತ್ತ ಕೋಣೆಯ ಗೋಡೆಗಳೂ ನೀಲಿಗೆ ತಿರುಗಿದಂತಾಯಿತು. ಹುಡುಗಿ ಬಂದು ಏನೋ ಹೇಳಿದಳು. ಅಕ್ಕನಿಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಕಣ್ಣು ತೆರೆದಷ್ಟೂ ಕಿವಿ ಮುಚ್ಚಿಕೊಂಡಿತ್ತು. ಬೇರೆ ಯಾರದೋ ಮನೆಯೊಳಗೆ ಕಾಲಿಟ್ಟವಳಂತೆ ಎದ್ದು ಟಿವಿ ಆರಿಸಿದಳು.

ಅಂಗಡಿ ರಜೆಯ ದಿನ ಕೈಚೀಲದಲ್ಲಿ ಕತ್ತಿ, ಬ್ರಶ್ಶು, ಸೋಪು ತುಂಬಿಕೊಂಡು ಮಾಮನ ಮನೆಗೆ ಹೋದಳು. ಮಾಮ ತಂಗಿಯ ಜೊತೆ ಮಹಡಿಯ ಎರಡು ಕೋಣೆಯಲ್ಲಿರುವುದು. ತಂಗಿ ಶಾಲೆಯ ಸಮವಸ್ತ್ರ ಹೊಲಿಯುವಾಕೆ. ಕಿಟಕಿಯ ಬಳಿ ಮಿಶಿನ್ ತುಳಿಯುತ್ತಲೇ, "ಬಾರಮ್ಮ. ನೀನಾದ್ರೂ ಈ ಕರಡೀನ ಮನುಷ್ಯನ್ನ ಮಾಡು," ಎಂದರು.

ಮಾಮನ ಮುಖದ ತುಂಬ ಬಿಳಿ ಗಡ್ಡ. "ಚೀಲ ಬಿಚ್ಚಬೇಡ," ಎಂದರು.

"ಬಿಚ್ಚಲ್ಲ. ಕೂರ್ಬಹುದಲ್ಲ?"

"ಏಳು ವರ್ಷ ನನ್ನ ಮಂಗ ಮಾಡಿದ್ಯಲ್ಲಮ್ಮಾ."

"ನಾನೆಲ್ಲಿ ಮಾಮ! ಆ ಏಳು ವರ್ಷದಲ್ಲಿ ನಾನು ಒಂದು ಸಲವಾದ್ರೂ ನೋಡಿದ್ನಾ? ನೀವು ಎಡಚಿ ಅಂದ್ರಿ, ನಂಬ್ದೆ. ನನ್ನ ತಲೆಯೊಳಗೆ ಅವಳು ಇವತ್ತಿಗೂ ಎಡಚೀನೇ."

ಮಿಶಿನ್ ಒಂದು ಉದ್ದ ಹೊಲಿಗೆ ಮುಗಿಸಿ ನಿಂತಿತು.

"ಒಂದು ಹೇಳಿ," ಎಂದಳು ಅಕ್ಕ. "ಅವತ್ತು ಹಕ್ಕೀನ ಕಳಿಸ್ತಾಳಲ್ಲ, ಆಗ ಮುಖ ಹೇಗಿತ್ತು? ದನಿ ಮಾತ್ರ ಅಲುಗಲೇ ಇಲ್ಲ. ಅದು ನಂಗೆ ಇನ್ನೂ ಬಗೆಹರಿದಿಲ್ಲ."

"ಏನೂ ಇರ್ಲಿಲ್ಲ," ಎಂದರು ಮಾಮ ಬಿರುಸಾಗಿ. ಗಡ್ಡ ಕೆರೆದುಕೊಂಡರು. "ಏನೂ ಇಲ್ಲ ಅಂದ್ರೆ... ಕಣ್ಣು ಮುಚ್ಚಿದ್ಲು. ಹಕ್ಕಿ ಹಾರೋದು ನೋಡ್ಬಾರ್ದು ಅಂತ. ಆದ್ರೆ ಹಕ್ಕಿಯ ನೆರಳು ಅವಳ ರೆಪ್ಪೆ ಮೇಲೆ ಹಾದು ಹೋಯ್ತು. ಆಗ ತುಟಿ ಹೀಗಾಯ್ತು..." ಹೇಳುತ್ತ ಹೇಳುತ್ತ ಅವರ ಎಡಗೈ ಗಾಳಿಯಲ್ಲಿ ನೆರಳು ಬಿಡಿಸಿತು. ತಂಗಿ ಮಿಶಿನ್ನಿನ ಚಕ್ರ ಹಿಡಿದುಕೊಂಡು ಕೇಳುತ್ತ ಕೂತಿದ್ದರು. ಮಾಮನ ಕೈ ತಟ್ಟನೆ ನಿಂತಿತು. "ಸಾಕು. ನೀನು ಹೋಗಿ ನೆಟ್ಟಗೆ ಕೂತು ನೋಡ್ಕೊ. ನನ್ನ ಕಣ್ಣು ಉಲ್ಟಾ ಕಣ್ಣು."

"ನೋಡ್ದೆ. ಕೇಳಿಸ್ಲಿಲ್ಲ," ಎಂದಳು ಅಕ್ಕ. ಚೀಲ ಬಿಚ್ಚದೆಯೇ ಎತ್ತಿಕೊಂಡಳು. "ಹನ್ನೆರಡು ಕಂತು ಇದೆ ಮಾಮ. ನೀವು ಬರ್ದೇ ಇದ್ರೆ ಅವಳು ನೀರಿನ ಮೇಲೇ ಇರ್ಲಿ. ನಾನಂತೂ ಹಾಕಲ್ಲ."

ಇನ್ನೊಂದು ವಾರ ಕಳೆಯಿತು. ಬುಧವಾರ ಬೆಳಗ್ಗೆ ಅಕ್ಕ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಮಸೆಯುತ್ತಿದ್ದಾಗ ಬಾಗಿಲಲ್ಲಿ ಬೆಳಕು ಕಮ್ಮಿಯಾಯಿತು. ಅಷ್ಟು ನೀಳವಾದ ಆಳು ಬೀದಿಯಲ್ಲಿ ಇನ್ನೊಬ್ಬರಿಲ್ಲ.

"ಗ್ರಂಥಾಲಯಕ್ಕೆ ಹೋಗಿದ್ದೆ," ಎಂದರು ಮಾಮ, ನಿಂತೇ. "ಆ ಲಿಸ್ಟು ಹುಡುಗ ಕಡೆಯ ಸೀಸನ್ನಿನ ಮೊದಲ ಕಂತು ಹಾಕ್ಕೊಟ್ಟ. ನೆಟ್ಟಗೆ. ಅಕ್ಷರ ಎಲ್ಲಾ ಓದ್ದೆ. ಓದೋದ್ರಲ್ಲಿ ಅವಳ ಮುಖ ತಪ್ಪಿಹೋಯ್ತು. ಬಲಗೈಲಿ ದೀಪ ಹಚ್ತಾಳೆ, ಅದೂ ಕಂಡೆ. ಯಾರೋ ಒಳ್ಳೆ ಹುಡುಗಿ. ನಮ್ಮೋಳಲ್ಲ." ಹೋಗಿ ಕುರ್ಚಿಯಲ್ಲಿ ಕೂತರು. "ಮೊದಲಿಂದ ಹಾಕು. ಏನಾಗುತ್ತೆ ಅಂತ ನಾನು ಮುಂಚೆ ಹೇಳಲ್ಲ."

"ಹೇಳಿದ್ರೆ ಮೀಸೆ ಒಂದು ಕಡೆ ಹಾರಿಸ್ತೀನಿ," ಎಂದಳು ಅಕ್ಕ. ನೊರೆ ಕಲೆಸಲು ಬ್ರಶ್ಶು ಎತ್ತಿಕೊಂಡಳು.

ಮಾಮನ ಮುಖಕ್ಕೆ ನೊರೆ ಹಚ್ಚಿ ಮುಗಿಸುವಷ್ಟರಲ್ಲಿ ಮಗಳು, ಅವಳ ಹಿಂದೆ ಲಿಸ್ಟು, ಇಬ್ಬರೂ ಏದುಸಿರು ಬಿಡುತ್ತ ಬಂದರು. ಲಿಸ್ಟುವಿನ ಕೈಯಲ್ಲಿ ಒಂದು ಪುಟ್ಟ ಪೆಟ್ಟಿಗೆ, ಮೊಳದುದ್ದ ವೈರು. ಅವನು ಮಾಮನ ಮುಖ ನೋಡಲಾರದೆ ಕನ್ನಡಿಯಲ್ಲಿದ್ದ ಮಾಮನಿಗೆ ಹೇಳಿದ: "ತಾತ, ಅವತ್ತು ನಾವು ನಗಬಾರದಿತ್ತು. ನೂರಾ ಎಂಟರ ಗೀಟೂ ಅಳಿಸಿದೀನಿ."

"ಅಮ್ಮಾ, ಈ ಪೆಟ್ಟಿಗೆ ಸಿಕ್ಕಿಸಿದ್ರೆ ಟಿವೀಲಿ ಚಿತ್ರಾನೇ ತಿರುಗಿ ಬರುತ್ತೆ," ಎಂದಳು ಮಗಳು. "ಆಗ ಕನ್ನಡೀಲಿ ಎಲ್ಲಾ ಸರಿಯಾಗಿ ಕಾಣುತ್ತೆ. ತಾತ ಅಕ್ಷರಾನೂ ಓದ್ಬಹುದು. ಯಾರೂ ಯಾರನ್ನೂ ನೋಡಿ ನಗೋ ಹಾಗಿಲ್ಲ. ಎರಡು ನಿಮಿಷದ ಕೆಲಸ."

"ಬೇಕಾದ್ರೆ ಡಬ್ಬಿಂಗೂ ಇದೆ ಅಕ್ಕಾ," ಎಂದ ಲಿಸ್ಟು. "ನೀವು ಕಷ್ಟಪಟ್ಟು ಹೇಳೋದೇ ಬೇಡ."

ಅಕ್ಕ ಕನ್ನಡಿಯಲ್ಲಿ ಮಾಮನನ್ನು ನೋಡಿದಳು. ನೊರೆಯ ನಡುವಿನಿಂದ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ಅವರು ಬಾಯಿ ಬಿಡುವ ಹಾಗಿರಲಿಲ್ಲ.

"ಬೇಡಪ್ಪ," ಎಂದಳು ಅಕ್ಕ. "ಒಳ್ಳೆ ಮನಸ್ಸಿಂದ ತಂದಿದೀಯ, ಗೊತ್ತು. ಆದ್ರೆ ಇವರು ಓದ್ಕೊಂಡ್ರೆ ನನ್ನನ್ನ ಯಾಕೆ ಕೇಳ್ತಾರೆ? ಡಬ್ಬಿಂಗು ಹೇಳ್ಬಿಟ್ರೆ ನಾನು ಇವರನ್ನ ಏನಂತ ಕೇಳ್ಲಿ? ಇನ್ನು ಹನ್ನೆರಡೇ ವಾರ ಇದೆ, ನಮ್ಮ ಪಾಡಿಗೆ ನಾವು ನಡೀತೀವಿ. ಅವಳಿಗೆ ದಡ ಸಿಕ್ಕಿದ್ರೂ ನಾವೇ ನೋಡ್ತೀವಿ, ಸಿಗ್ದೇ ಇದ್ರೂ ನಾವೇ ನೋಡ್ತೀವಿ. ಆ ವೈರು ಸುತ್ಕೋ. ಹೋಗ್ತಾ ಬಾಗಿಲು ಎಳ್ಕೊಂಡು ಹೋಗು, ಬಿಸಿಲು ಕನ್ನಡಿಗೆ ಹೊಡೀತಿದೆ, ಮಾಮಂಗೆ ಸಮುದ್ರ ಕಾಣಲ್ಲ."